ಹೊಸ ಎಡಿಷನ್ ಬಂತು, ಈಗೇನು? ನಮ್ಮ ಮೇಜಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ, ಒಂದು ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ ಮೂರಕ್ಕೆ ನಾವು ಆರು ಮಂದಿ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಇಬ್ಬರು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾರೆ, ಒಬ್ಬಳು ಗದಗದಿಂದ. ಆಟ ನಡೆಸುವ ಜವಾಬ್ದಾರಿ ನನ್ನದು. 2024ರಲ್ಲಿ ಹೊಸ ಪುಸ್ತಕ ಬಂದಾಗಿನಿಂದ ಹಳಬರು, ಹೊಸಬರು, ಬಾಗಿಲಲ್ಲಿ ನಿಂತು ನೋಡಿ ಹೋಗುವವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ಆಟಕ್ಕೂ ಎಡಿಷನ್ ಇರತಾವೇನ್ರಿ?

ಇರುತ್ತವೆ. ಈ ಆಟವೆಂದರೆ ಮೇಜಿನ ಸುತ್ತ ಕೂತು ಮಾತಿನಲ್ಲೇ ಕಟ್ಟುವ ಕಥೆ. ಒಬ್ಬರು ಕಥೆಯ ಜಗತ್ತನ್ನು ನಡೆಸುತ್ತಾರೆ, ಅವರಿಗೆ ಡಿಎಂ ಅನ್ನುತ್ತೇವೆ. ಉಳಿದವರು ತಲಾ ಒಂದು ಪಾತ್ರ ಹಿಡಿಯುತ್ತಾರೆ. ಮಾತಿನಲ್ಲಿ ಬಗೆಹರಿಯದ್ದನ್ನು ದಾಳ ಬಗೆಹರಿಸುತ್ತದೆ. ಯಾವಾಗ ದಾಳ ಹಾಕಬೇಕು, ಎಷ್ಟು ಬಿದ್ದರೆ ಕೆಲಸವಾಯಿತು ಅಂತ ಹೇಳುವುದು ನಿಯಮದ ಪುಸ್ತಕ. ಪ್ರಕಾಶಕರು ಅದನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿಸಿದರೆ ಅದೇ ಹೊಸ ಎಡಿಷನ್.

ಚೌಕಾಬಾರ ಆಡಿದವರಿಗೆ ಇದು ಗೊತ್ತಿರುವ ಸಂಗತಿಯೇ. ಹಾವೇರಿ ಕಡೆ ನಮ್ಮ ಅಜ್ಜಿಯ ಮನೆಯಲ್ಲಿ ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಕಾಲಿಡುವಂತಿರಲಿಲ್ಲ. ಅತ್ತೆಯ ಮನೆಯಲ್ಲಿ ಆ ಕಟ್ಟು ಇರಲಿಲ್ಲ. ಬೇಸಿಗೆ ರಜೆಗೆ ಎಲ್ಲ ಮೊಮ್ಮಕ್ಕಳೂ ಸೇರಿದ ಮೊದಲ ದಿನ ಇದೇ ಜಗಳ. ಅಜ್ಜಿ ನಾಲ್ಕೂ ಕವಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ನನ್ನ ಮನ್ಯಾಗ ಹಿಂಗ. ನಿಮ್ಮ ಮನ್ಯಾಗ ನೀವು ಹೆಂಗರೆ ಆಡ್ರಿ" ಅನ್ನುವವರೆಗೂ ಕವಡೆ ಕೆಳಗೆ ಬೀಳುತ್ತಿರಲಿಲ್ಲ. ಅಜ್ಜಿಯದು ಒಂದು ಎಡಿಷನ್, ಅತ್ತೆಯದು ಇನ್ನೊಂದು. ಅಲ್ಲಿ ಯಾರೂ ಪುಸ್ತಕ ಮಾರುತ್ತಿರಲಿಲ್ಲ, ಅಷ್ಟೇ ಫರಕು.

ಇಲ್ಲೀತನಕಾ ಎಷ್ಟು ಎಡಿಷನ್ ಬಂದಾವು?

ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಮೂರು ಸಣ್ಣ ಪುಸ್ತಿಕೆಗಳು ಒಂದು ಪೆಟ್ಟಿಗೆಯಲ್ಲಿ ಬಂದವು. ಮೊದಲ ಮುದ್ರಣ 1000 ಪ್ರತಿ. ಆಮೇಲೆ 1977ರಿಂದ 1979ರ ನಡುವೆ 'ಅಡ್ವಾನ್ಸ್ಡ್' ಹೆಸರಿನ ಮೂರು ದಪ್ಪ ಪುಸ್ತಕಗಳು, 1989ರಲ್ಲಿ ಎರಡನೆಯ ಎಡಿಷನ್. ಮೂಲ ಕಂಪನಿ ಟಿಎಸ್‌ಆರ್ ಸಾಲದಲ್ಲಿ ಮುಳುಗಿ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಪಾಲಾಯಿತು. ಅವರು 2000ದಲ್ಲಿ ಮೂರನೆಯದು, 2003ರಲ್ಲಿ ಮೂರೂವರೆ, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು ತಂದರು. ಆಟಕ್ಕೆ ಐವತ್ತು ತುಂಬಿದ 2024ರಲ್ಲಿ ಐದನೆಯದನ್ನೇ ತಿದ್ದಿ ಹೊಸ ಪುಸ್ತಕ ಹೊರಡಿಸಿದರು. ಅದಕ್ಕೆ ಆರು ಎಂಬ ಸಂಖ್ಯೆ ಕೊಡಲಿಲ್ಲ, ಹಾಗಾಗಿ ನಾವು 'ಹದಿನಾಲ್ಕರದು', 'ಇಪ್ಪತ್ನಾಲ್ಕರದು' ಅಂತ ಕರೆಯುತ್ತೇವೆ.

ವರ್ಷಗಳ ನಡುವಿನ ಅಂತರ ನೋಡಿ. ಎರಡರಿಂದ ಮೂರಕ್ಕೆ 11 ವರ್ಷ. ಮೂರರಿಂದ ಮೂರೂವರೆಗೆ ಮೂರೇ ವರ್ಷ. ಮೂರನೆಯದರಲ್ಲಿ ಆದ ಬದಲಾವಣೆ ಬಹಳ ದೊಡ್ಡದು: ಅದಕ್ಕೆ ಮೊದಲು ಕವಚದ ಅಂಕ ಕಡಿಮೆಯಿದ್ದಷ್ಟೂ ರಕ್ಷಣೆ ಜಾಸ್ತಿ, ಅಲ್ಲಿಂದ ಮುಂದೆ ಅಂಕ ಏರಿದಷ್ಟೂ ರಕ್ಷಣೆ ಜಾಸ್ತಿ. ಲೆಕ್ಕವೇ ತಿರುಗಿತು. ಆದರೂ ಜನ ಖುಷಿಯಿಂದ ದಾಟಿದರು. ಮೂರೂವರೆಯಲ್ಲಿ ಬದಲಾದದ್ದು ಅದಕ್ಕಿಂತ ಎಷ್ಟೋ ಕಡಿಮೆ, ಬೇಸರ ಮಾತ್ರ ಬಹಳವಾಯಿತು. ಕೊಂಡ ಪುಸ್ತಕದ ಬೆನ್ನು ಇನ್ನೂ ಮಡಚಿರಲಿಲ್ಲ, ಹೊಸದು ಬಂತು. ದಣಿವಿಗೆ ನಿಯಮದ ಗಾತ್ರಕ್ಕಿಂತ ಅದು ಬಂದ ಹೊತ್ತು ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ಒಂದು ಪುಸ್ತಕಕ್ಕ ಅಷ್ಟ್ಯಾಕ್ರಿ ಖುಷಿ?

ನಮ್ಮ ಮೇಜಿಗೆ ಇಪ್ಪತ್ನಾಲ್ಕರ ಪುಸ್ತಕ ಬಂದ ದಿನದ ಮಾತು ಹೇಳುತ್ತೇನೆ. ಗಿರಮಿಟ್ಟಿನ ಪ್ಲೇಟುಗಳನ್ನು ಕಿಟಕಿಯ ಕಟ್ಟೆಗೆ ಸರಿಸಿ, ಎಲ್ಲರೂ ಕೈ ತೊಳೆದು ಬಂದೆವು. 384 ಪುಟ, ಹದಿನಾಲ್ಕರದಕ್ಕಿಂತ 64 ಪುಟ ಹೆಚ್ಚು. ಮೇಲಿನ ಪ್ಲಾಸ್ಟಿಕ್ ಬಿಚ್ಚಿದಾಗ ಬಂದ ಹೊಸ ಕಾಗದದ ವಾಸನೆಗೆ ಮೂಗು ಹಚ್ಚದವರೇ ಇಲ್ಲ.

ನಮ್ಮಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಮೊದಲಿನಿಂದಲೂ ಅವರದು ಕೊಡಲಿ ಹಿಡಿದ ಯೋಧನ ಪಾತ್ರ. ಹಳೆಯ ನಿಯಮದಲ್ಲಿ ಮಂತ್ರವಾದಿಗೆ ಸರದಿಗೊಂದು ಹೊಸ ಆಟ, ಅಕ್ಕನದು ಪ್ರತಿ ಸಲವೂ ಒಂದೇ ಮಾತು: "ಹೊಡೀತೇನಿ." ಹೊಸ ಪುಸ್ತಕದಲ್ಲಿ ಆಯುಧಗಳಿಗೆ ಪಳಗಿದ ಕೈಯ ಪಟ್ಟು ಅಂತ ಒಂದೊಂದು ಗುಣ ಕೊಟ್ಟಿದ್ದಾರೆ. ಯುದ್ಧದ ಕೊಡಲಿಗೆ ಸಿಕ್ಕಿರುವುದು ಕೆಡವುವ ಪಟ್ಟು: ಏಟು ತಗುಲಿದರೆ ವೈರಿ ತನ್ನ ಮೈಕಟ್ಟು ಎಂಬ ಗುಣದ ಮೇಲೆ ದಾಳ ಹಾಕಬೇಕು, ಸೋತರೆ ನೆಲಕ್ಕೆ. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಉಳಿದವರು ಮುಂದಿನ ಪುಟಕ್ಕೆ ಅವಸರ ಮಾಡಿದರೂ ಬೆರಳು ತೆಗೆಯಲಿಲ್ಲ. "ಅಂದ್ರ ಇನ್ನ ನಾ ಕೆಡವಬಹುದು?" ಅಂತ ನನ್ನ ಮುಖ ನೋಡಿದರು.

ಖುಷಿ ಅಂದರೆ ಅದು. ವರ್ಷಗಟ್ಟಲೆ ಆಡಿದ ಪಾತ್ರಕ್ಕೆ ಹೊಸದೊಂದು ಕೈ ಬಂದ ಹಾಗೆ. ಇದನ್ನು ಯಾರಾದರೂ ಬರೀ ವ್ಯಾಪಾರದ ಆಮಿಷ ಅಂದರೆ ನನಗೆ ನೋವಾಗುತ್ತದೆ.

ಮತ್ತ ಅಷ್ಟ ಲಗೂನ ಸಾಕಾಗೂದು ಯಾಕ?

ಅದೇ ದಿನ, ಅದೇ ಮೇಜಿನಲ್ಲಿ, ಪುಸ್ತಕ ಮುಟ್ಟದೆ ಕೂತಿದ್ದವನೂ ಒಬ್ಬನಿದ್ದ. ಹುಡುಗ ಸವಣೂರು ಕಡೆಯವನು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬಂದು ಸಪ್ತಾಪುರದಲ್ಲೇ ರೂಮು ಮಾಡಿದ್ದಾನೆ. ಬೆಳಗ್ಗೆಯಿಂದ ರಾತ್ರಿಯವರೆಗೆ ರೀಡಿಂಗ್ ರೂಮು. ಪರೀಕ್ಷೆಯ ಮಾರ್ಗದರ್ಶಿ ಪುಸ್ತಕಗಳಿಗೆ ವರ್ಷಕ್ಕೊಂದು 'ಪರಿಷ್ಕೃತ ಆವೃತ್ತಿ' ಬರುವುದನ್ನು ಅವನಷ್ಟು ಬಲ್ಲವರು ಯಾರು? "ಅಣ್ಣಾ, ವಾರಕ್ಕ ಒಂದ ದಿನ ಏನೂ ಓದೂದು ಇರಂಗಿಲ್ಲ ಅಂತ ಇಲ್ಲಿಗೆ ಬರತೇನಿ. ನನಗ ಇನ್ನೊಂದು ಸಿಲಬಸ್ ಬ್ಯಾಡ್ರಿ" ಅಂದ.

ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ಯೋಚಿಸಿದರೆ, ಸುಸ್ತು ಒಂದೇ ನಮೂನಿಯದಲ್ಲ. ದುಡ್ಡಿನದು ಕಣ್ಣಿಗೆ ಕಾಣುವಂಥದು. ಕಾಣದೇ ಇರುವುದು ನೆನಪಿನ ಸುಸ್ತು. ಹತ್ತು ವರ್ಷ ಆಡಿದವನಿಗೆ ನಿಯಮ ತಲೆಯಲ್ಲಿರುವುದಿಲ್ಲ, ನಾಲಿಗೆಯ ಮೇಲೆ ಇರುತ್ತದೆ. ಗಾಯ ಮಾಯಿಸುವ ಮಂತ್ರ ಅಂದ ಕೂಡಲೇ ಕೈ ಎಂಟು ಮುಖದ ಒಂದು ದಾಳ ಎತ್ತಿಕೊಳ್ಳುತ್ತದೆ. ಇಪ್ಪತ್ನಾಲ್ಕರಲ್ಲಿ ಅದು ಎರಡು ದಾಳ. ನೆನಪಿಲ್ಲದವನಿಗೆ ಕಲಿಸುವುದು ಸುಲಭ, ನೆನಪಿದ್ದವನಿಗೆ ಮರೆಸುವುದು ಕಷ್ಟ. ಪೂರ್ತಿ ಬೇರೆ ಆಟವಾದರೆ ತಲೆ ತಾನೇ ಎಚ್ಚರವಾಗಿರುತ್ತದೆ. ಮುಕ್ಕಾಲು ಪಾಲು ಹಾಗೇ ಇದ್ದು ಕಾಲು ಪಾಲು ಬದಲಾದಾಗಲೇ ಎಡವುವುದು.

ಇನ್ನೊಂದು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತಲಿದ್ದವರೆಲ್ಲ ಕುಣಿಯುತ್ತಿರುವಾಗ ತನಗೊಬ್ಬನಿಗೇ ಬೇಸರ ಬಂದರೆ, ತನ್ನಲ್ಲೇ ಏನೋ ಕೊರತೆ ಅನಿಸುತ್ತದೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಆ ಹುಡುಗನಿಗೆ ಈ ಆಟದ ಮೇಲೆ ಇರುವ ಪ್ರೀತಿ ಅಕ್ಕನ ಪ್ರೀತಿಗಿಂತ ಒಂದು ಗುಂಜಿಯೂ ಕಡಿಮೆಯಿಲ್ಲ.

2014ರದ್ದಕ್ಕೂ 2024ರದ್ದಕ್ಕೂ ಖರೇನ ಎಷ್ಟು ಫರಕು?

ಇಪ್ಪತ್ತು ಮುಖದ ದಾಳ ಅದೇ, ಪಾತ್ರದ ಬಲ, ಬುದ್ಧಿಯಂಥ ಆರು ಗುಣಗಳು ಅವೇ, ಯೋಧ, ಮಂತ್ರವಾದಿಯಂಥ ಹನ್ನೆರಡು ವೃತ್ತಿಗಳು ಅವೇ. ಹದಿನಾಲ್ಕರ ಕಾಲದ ಸಾಹಸಕಥೆಗಳನ್ನು ಹೊಸ ನಿಯಮದಲ್ಲಿ ಆಡಬಹುದು. ಎಡವುವುದು ಸಣ್ಣ ಸಣ್ಣ ಕಡೆ, ಅದಕ್ಕೆ ನಾನೇ ಎಡವಿದ್ದು ಹೇಳುತ್ತೇನೆ.

ಹೊಂಚುದಾಳಿಯ ನಿಯಮ. ಹಳೆಯದರಲ್ಲಿ ಹೊಂಚಿಗೆ ಸಿಕ್ಕವರು ತಮ್ಮ ಮೊದಲ ಸರದಿಯಲ್ಲಿ ಮಿಸುಕುವಂತಿಲ್ಲ. ಹೊಸದರಲ್ಲಿ ಸರದಿ ಗೊತ್ತುಮಾಡಲು ಹಾಕುವ ದಾಳವನ್ನು ಎರಡು ಸಲ ಹಾಕಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು, ಅಷ್ಟೇ ಶಿಕ್ಷೆ. ನಮ್ಮ ಪಾತ್ರಗಳು ಒಂದು ಬಾವಿಯ ಮೆಟ್ಟಿಲ ಹಿಂದೆ ಅಡಗಿ ಕೂತು ಕಳ್ಳರ ಮೇಲೆ ಬಿದ್ದವು. ನಾನು ರೂಢಿಯಂತೆ "ಕಳ್ಳರು ಅಲ್ಲಾಡುವಂತಿಲ್ಲ" ಅಂದೆ. ಐದೂ ಮಂದಿ ಹೊಡೆದರು, ಕೋಣೆಯಲ್ಲಿ ಕೇಕೆ. ಅಷ್ಟರಲ್ಲಿ ಗದಗದ ಹುಡುಗಿ ಪುಸ್ತಕ ತಿರುವಿ ಮೆಲ್ಲಗೆ, "ಅಣ್ಣಾ, ಇದರಾಗ ಹಂಗಿಲ್ಲಲ್ರೀ" ಅಂದಳು. ಹಿಂದಕ್ಕೆ ಹೋಗಿ ಮತ್ತೆ ಆಡಿದೆವು. ಅಕ್ಕ ಕೆಡವಿದ್ದ ಕಳ್ಳನನ್ನು ಎಬ್ಬಿಸಿ ನಿಲ್ಲಿಸಬೇಕಾಯಿತು. ಎರಡನೆಯ ಸಲ ಯಾರೂ ಕೇಕೆ ಹಾಕಲಿಲ್ಲ. ಆವತ್ತು ನಾನು ತಪ್ಪು ಮಾಡಿದ್ದು ನಿಯಮ ಮರೆತದ್ದಲ್ಲ, ಹಿಂದಕ್ಕೆ ಹೋದದ್ದು. ಆಡಿದ್ದು ಆಡಿಯಾಯಿತು, ಮುಂದಿನ ವಾರದಿಂದ ಸರಿಯಾಗಿ ಆಡೋಣ ಅನ್ನಬೇಕಿತ್ತು.

ಆಯಾಸದ ನಿಯಮ ಹೊಸದರಲ್ಲಿ ಬಹಳ ಚೆನ್ನಾಗಿದೆ. ಹಳೆಯದರಲ್ಲಿ ಆರು ಹಂತಕ್ಕೆ ಆರು ಬೇರೆ ಬೇರೆ ಪರಿಣಾಮ, ಪ್ರತಿ ಸಲ ಪಟ್ಟಿ ನೋಡಬೇಕು. ಹೊಸದರಲ್ಲಿ ಒಂದು ಹಂತಕ್ಕೆ ದಾಳದಿಂದ 2 ಕಳೆಯಿರಿ, ನಡಿಗೆಯಿಂದ 5 ಅಡಿ ಕಳೆಯಿರಿ. ಆರಕ್ಕೆ ಮುಟ್ಟಿದರೆ ಸಾವು, ಎರಡರಲ್ಲೂ. ಇದನ್ನು ಒಮ್ಮೆ ಹೇಳಿದರೆ ಸಾಕು, ಯಾರೂ ಮರೆಯುವುದಿಲ್ಲ. ಇನ್ನು ಗಾಯಕ್ಕೆ ಕುಡಿಯುವ ಔಷಧಿ: ಹಳೆಯ ಪುಸ್ತಕದ ಪ್ರಕಾರ ಅದಕ್ಕೆ ಇಡೀ ಸರದಿಯ ಮುಖ್ಯ ಕೆಲಸ ಹೋಗುತ್ತಿತ್ತು. ಎಷ್ಟೋ ಮೇಜುಗಳಲ್ಲಿ ಜನ ತಾವೇ ಅದನ್ನು ಸಣ್ಣ ಕೆಲಸವೆಂದು ಎಣಿಸುತ್ತಿದ್ದರು, ನಾವೂ. ಇಪ್ಪತ್ನಾಲ್ಕರ ಪುಸ್ತಕ ಅದನ್ನೇ ನಿಯಮ ಮಾಡಿತು. ಅಜ್ಜಿಯ ಮನೆಯ ಕಟ್ಟು ಅಚ್ಚಾಗಿ ಬಂದ ಹಾಗೆ.

2023ರಾಗ ಏನೋ ಲೈಸೆನ್ಸ್ ಗದ್ದಲ ಆತಲ್ಲ, ಅದೇನು?

2000ದಲ್ಲಿ ಮೂರನೆಯ ಎಡಿಷನ್ನಿನ ಜೊತೆಗೇ ಒಂದು ಮುಕ್ತ ಪರವಾನಗಿ ಬಂದಿತ್ತು. ಆಟದ ಮೂಲ ನಿಯಮಗಳನ್ನು ಬಳಸಿಕೊಂಡು ಯಾರು ಬೇಕಾದರೂ ತಮ್ಮ ಪುಸ್ತಕ ಮಾಡಿ ಮಾರಬಹುದು ಅಂತ. ಅದರ ಬಲದಿಂದಲೇ, 2008ರ ನಾಲ್ಕನೆಯದನ್ನು ಒಪ್ಪದವರಿಗೆ 2009ರಲ್ಲಿ ಪೈಜೊ ಕಂಪನಿಯ ಪಾತ್‌ಫೈಂಡರ್ ಎಂಬ ಆಟ ಸಿಕ್ಕಿತು, ಅದು ಮೂರೂವರೆಯ ಮುಂದುವರಿಕೆ. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿ ಮಾಡುವ ಕರಡು ಹೊರಬಿದ್ದಿತು. ಆಟಗಾರರು, ಸಣ್ಣ ಪ್ರಕಾಶಕರು ಎಲ್ಲ ಎದ್ದು ನಿಂತರು. ತಿಂಗಳು ಮುಗಿಯುವ ಮೊದಲೇ ಕಂಪನಿ ಹಿಂದೆ ಸರಿಯಿತು. ಐದನೆಯ ಎಡಿಷನ್ನಿನ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ, ಅಂದರೆ ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಬಳಸುವಂಥ ಪರವಾನಗಿಯಲ್ಲಿ, ಬಿಟ್ಟುಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಇಪ್ಪತ್ನಾಲ್ಕರ ನಿಯಮಗಳ ದಾಖಲೆಯನ್ನೂ ಹಾಗೇ ಕೊಟ್ಟರು.

ಇದು ವಕೀಲರ ಮಾತಿನಂತೆ ಕೇಳಿಸಬಹುದು. ಆದರೆ ಬಹಳ ಮಂದಿಗೆ ಹೊಸ ಎಡಿಷನ್ ಬರುವ ಮೊದಲೇ ಮನಸ್ಸು ಮುರಿದದ್ದು ಇಲ್ಲಿ. ಕೆಲವರು ಬೇರೆ ಆಟಕ್ಕೆ ಹೋದರು. ಹೋದವರನ್ನು ನಾನು ತಪ್ಪೆನ್ನುವುದಿಲ್ಲ.

ಹೊಸಾದು ಬಂತಲ್ಲ, ಹಳೇ ಪುಸ್ತಕ ಮಾರಿಬಿಡಲೇನು?

ಬೇಡ. ಅದರಲ್ಲಿರುವ ನಿಯಮಕ್ಕೆ ತುಕ್ಕು ಹಿಡಿಯುವುದಿಲ್ಲ.

ಕಥಿ ನಡುವ ಐತಿ. ಈಗ ಬದಲಿ ಮಾಡಬಹುದೇನ್ರಿ?

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಉತ್ತರವೂ ಅನುಭವಿಸಿ ಕಂಡದ್ದು: ಕಥೆ ಮುಗಿಸಿ, ಆಮೇಲೆ ದಾಟಿ.

ನಮ್ಮ ಕಥೆ ನಡೆಯುವುದು ಲಕ್ಕುಂಡಿಯಂಥ ಒಂದು ಊರಿನಲ್ಲಿ. ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಅಂತ ನಮ್ಮ ಕಡೆ ಹೇಳಿಕೆ ಇದೆಯಲ್ಲ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲಲ್ಲಿ ಕೂತಾಗ ನನಗೆ ಹೊಳೆದದ್ದು, ಪ್ರತಿ ಬಾವಿಯೂ ಕೆಳಗಿನ ಇನ್ನೊಂದು ಊರಿಗೆ ಬಾಗಿಲಾದರೆ? ವಾರ ವಾರ ಮುಂದುವರಿಯುವ ಇಡೀ ಕಥೆ, ಅಂದರೆ ನಮ್ಮ ಕ್ಯಾಂಪೇನ್, ಅದರಿಂದಲೇ ಬೆಳೆಯಿತು. ಹೊಸ ಪುಸ್ತಕ ಬಂದಾಗ ನಮ್ಮವರು ಅರವತ್ತನೆಯ ಬಾವಿಯ ಹತ್ತಿರ ಇದ್ದರು.

ಖುಷಿಯ ಭರದಲ್ಲಿ ಎರಡನೆಯ ವಾರಕ್ಕೇ ಎಲ್ಲರ ಕ್ಯಾರೆಕ್ಟರ್ ಶೀಟನ್ನೂ, ಅಂದರೆ ಪಾತ್ರದ ವಿವರ ಬರೆದ ಹಾಳೆಯನ್ನೂ, ಹೊಸ ನಿಯಮಕ್ಕೆ ಬದಲಾಯಿಸಿದೆವು. ಆ ಭಾನುವಾರ ಮೂರರಿಂದ ಏಳರವರೆಗೆ ಬರೀ ಶೀಟು ಬರೆದದ್ದು. ಕಥೆ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಮುಂದಿನ ವಾರ ಹೊಂಚುದಾಳಿಯ ಎಡವಟ್ಟು. ಅದರ ಮುಂದಿನ ವಾರ ಆ ಸವಣೂರಿನ ಹುಡುಗ ಬರಲಿಲ್ಲ. ಫೋನ್ ಮಾಡಿದರೆ ಓದುವುದಿದೆ ಅಂದ. ಅವನು ಬಾರದ ಮೂರನೆಯ ವಾರ ನಾವು ಐವರೂ ಕೂತು ಮಾತಾಡಿದೆವು, ಹಳೆಯ ಶೀಟುಗಳನ್ನು ಫೈಲಿನಿಂದ ತೆಗೆದೆವು, ಈ ಕಥೆ ಮುಗಿಯುವತನಕ ಹದಿನಾಲ್ಕರದೇ ಅಂತ ಗೊತ್ತುಮಾಡಿದೆವು. ಅಕ್ಕ ಮೊದಲು ಒಪ್ಪಿದರು. "ನಾ ಕೆಡವೂದು ಮುಂದಿನ ಕಥಿಯಾಗ ಕೆಡವತೇನಿ, ಹುಡುಗ ಬರಲಿ" ಅಂದರು. ಅವರು ಬಿಟ್ಟುಕೊಟ್ಟದ್ದು ಎಷ್ಟು ಅಂತ ಮೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆಗೆ ಹೋಗಿ ಯೋಚಿಸಿ, ಅವರ ಕೊಡಲಿಗೊಂದು ಕೆಡವುವ ಗುಣವನ್ನು ಮಾಯದ ಆಯುಧದ ರೂಪದಲ್ಲಿ ಹಳೆಯ ನಿಯಮದೊಳಗೇ ಸೇರಿಸಿದೆ. ಅರವತ್ತಮೂರನೆಯ ಬಾವಿಯ ತಳದಲ್ಲಿ ಅವರಿಗೆ ಅದು ಸಿಕ್ಕಿತು.

ಇಬ್ಬರಿಗೆ ಹೊಸಾದು ಬೇಕು, ಮೂವರಿಗೆ ಹಳೇದು. ಏನ್ ಮಾಡೂದು?

ಕೈ ಎತ್ತಿಸಿ ಮತ ಎಣಿಸಬೇಡಿ. ಸೋತವರು ಸುಮ್ಮನಾಗುತ್ತಾರೆ, ಮನಸ್ಸು ಸುಮ್ಮನಾಗುವುದಿಲ್ಲ. ಹೊಸದರಲ್ಲಿ ನಿಮಗೆ ಬೇಕಾಗಿರುವುದು ಏನು ಅಂತ ಒಬ್ಬೊಬ್ಬರನ್ನೇ ಕೇಳಿ. ಮುಕ್ಕಾಲು ಪಾಲು ಒಂದೆರಡು ನಿಯಮದ ಹೆಸರು ಹೇಳುತ್ತಾರೆ. ಅವನ್ನಷ್ಟೇ ಹಳೆಯದಕ್ಕೆ ಸೇರಿಸಿಕೊಳ್ಳಿ, ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ನಮ್ಮ ಗೋಡೆಯ ಹಾಳೆಯಲ್ಲಿ ಈಗ ಹೊಸ ಆಯಾಸದ ನಿಯಮ ಮತ್ತು ಔಷಧಿಯ ನಿಯಮ, ಎರಡೇ ಇವೆ. ಉಳಿದ ಉತ್ಸಾಹಕ್ಕೆ ಎರಡು ತಿಂಗಳಿಗೊಮ್ಮೆ ಒಂದೇ ದಿನದಲ್ಲಿ ಮುಗಿಯುವ ಸಣ್ಣ ಕಥೆ ಇಟ್ಟುಕೊಂಡಿದ್ದೇವೆ, ಅದು ಪೂರ್ತಿ ಇಪ್ಪತ್ನಾಲ್ಕರದು. ಬೇಡವಾದವರು ಆವತ್ತು ಬರದಿದ್ದರೂ ನಡೆಯುತ್ತದೆ. ಸವಣೂರಿನ ಹುಡುಗ ಎರಡನೆಯ ಸಲ ತಾನಾಗಿಯೇ ಬಂದ.

ಎಲ್ಲಾ ಆಟದಾಗೂ ಹಿಂಗೇನು?

ಇಲ್ಲ. ಕಾಲ್ ಆಫ್ ಕ್ತುಲು ಎಂಬ ಭಯದ ಆಟ 1981ರದು, 2014ರಲ್ಲಿ ಏಳನೆಯ ಎಡಿಷನ್ ಕಂಡಿತು. ನೂರರೊಳಗಿನ ಶೇಕಡಾ ಲೆಕ್ಕದ ಮೂಲ ಪದ್ಧತಿ ಇಷ್ಟು ವರ್ಷವೂ ಹಾಗೇ ಉಳಿದಿದೆ, ಹಳೆಯ ಕಥೆಗಳನ್ನು ಸಣ್ಣ ತಿದ್ದುಪಡಿಯಲ್ಲಿ ಇವತ್ತೂ ಆಡಬಹುದು. ಪಾತ್‌ಫೈಂಡರ್ ಮಾತ್ರ 2019ರಲ್ಲಿ ಎರಡನೆಯ ಎಡಿಷನ್‌ಗೆ ಬಂದಾಗ ಬುನಾದಿಯನ್ನೇ ಬದಲಿಸಿತು, ಅದಕ್ಕೆ ಬೇರೆ ಆಟವೆಂದೇ ಕೂತು ಕಲಿಯಬೇಕು. ನಾಲ್ಕನೆಯ ಡಂಜನ್ಸ್ ಅಂಡ್ ಡ್ರಾಗನ್ಸ್‌ಗೆ ಸಿಕ್ಕ ಬೈಗುಳ ಅನ್ಯಾಯದ್ದು ಅಂತ ನನ್ನ ಅಭಿಪ್ರಾಯ. ಯೋಧನಿಗೂ ಮಂತ್ರವಾದಿಗೂ ಸರಿಸಮ ಕೆಲಸ ಕೊಟ್ಟದ್ದು ಅದು.

ದುಡ್ಡು ಖರ್ಚು ಮಾಡದ ಆಡಾಕ ಬರತೈತೇನು?

ಬರುತ್ತದೆ. ಮೇಲೆ ಹೇಳಿದ ಮೂಲ ನಿಯಮಗಳ ದಾಖಲೆ ಉಚಿತ, ಕಾನೂನುಬದ್ಧ. ಹಳೆಯದು ನಾನೂರು ಪುಟದಷ್ಟಿದೆ, ಪೂರ್ತಿ ತೆಗೆಸಬೇಡಿ. ಪಾತ್ರ ಮಾಡುವುದು, ಕಾಳಗ, ನಿಮ್ಮ ವೃತ್ತಿಯ ಪುಟಗಳು, ಬೇಕಾದ ಮಂತ್ರಗಳು, ಇಷ್ಟು ಸಾಕು. ಝೆರಾಕ್ಸ್ ಅಂಗಡಿಯಲ್ಲಿ ಎರಡೂ ಮಗ್ಗುಲು ತೆಗೆಸಿ ಸ್ಪೈರಲ್ ಹಾಕಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಆರು ಮಂದಿಗೆ ಒಂದು ಮುದ್ರಿತ ಪುಸ್ತಕ ಸಾಕು, ನಾವು ವರ್ಗಣಿ ಹಾಕಿ ತಂದದ್ದು ಅದು.

ಕನ್ನಡದಾಗ ಆಡಬಹುದೇನ್ರಿ?

ನಾವು ಆಡುವುದೇ ಕನ್ನಡದಲ್ಲಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮೂಲದವರ ಹೆಸರು ನಮೂದಿಸಿ ಯಾವ ಭಾಷೆಗೆ ಬೇಕಾದರೂ ತರಬಹುದು. ನಾನು ಹದಿನಾಲ್ಕರ ಮೂಲ ನಿಯಮಗಳಿಂದ ಇಪ್ಪತ್ತು ಪುಟದ ಕನ್ನಡ ಕೈಪಿಡಿ ಮಾಡಿದ್ದೆ. ಆರು ಗುಣಗಳಿಗೆ ಬಲ, ಚುರುಕು, ಮೈಕಟ್ಟು, ಬುದ್ಧಿ, ವಿವೇಕ, ವರ್ಚಸ್ಸು. ವಿವೇಕವೋ ತಿಳಿವಳಿಕೆಯೋ ಅಂತ ಎರಡು ವಾರ ವಾದ ನಡೆದಿತ್ತು. ಗದಗದ ಹುಡುಗಿಯ ತಂದೆಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಅವರೇ ಕೂತು ಅಕ್ಷರ ಜೋಡಿಸಿಕೊಟ್ಟರು.

ಇಪ್ಪತ್ನಾಲ್ಕರ ಪುಸ್ತಕ ಬಂದ ದಿನ ರಾತ್ರಿ ಆ ಕೈಪಿಡಿಯನ್ನು ತೆಗೆದು ಕೂತೆ. ಕೆಂಪು ಪೆನ್ನಿನಲ್ಲಿ ಬದಲಾದ ಸಾಲುಗಳಿಗೆ ಗುರುತು ಹಾಕುತ್ತ ಹೋದೆ. ಎಂಟನೆಯ ಪುಟಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ. ನನ್ನ ಸುಸ್ತು ಅಲ್ಲಿತ್ತು. ಆ ಕೆಲಸವನ್ನು ನಾನು ಮತ್ತೆ ಹಿಡಿದದ್ದು ಎಷ್ಟೋ ತಿಂಗಳ ಮೇಲೆ, ಮೂಲ ದಾಖಲೆ ಮುಕ್ತವಾಗಿ ಸಿಕ್ಕಾಗ. ಈಗ ಹನ್ನೊಂದು ಪುಟ ಆಗಿದೆ. ಕೆಡವುವ ಪಟ್ಟಿನ ಪುಟವನ್ನು ಎಲ್ಲಕ್ಕಿಂತ ಮೊದಲು ಮಾಡಿದೆ.

ಭಾನುವಾರ ಬರೂದಾದ್ರ ಏನ್ ತರಬೇಕು?

ಪೆನ್ಸಿಲ್ಲು, ರಬ್ಬರು. ದಾಳಗಳು ನಮ್ಮಲ್ಲಿವೆ. ಯಾವ ಎಡಿಷನ್ನೂ ಓದಿಕೊಂಡು ಬರಬೇಕಾಗಿಲ್ಲ. ನಾವೀಗ ಎಂಬತ್ತೆಂಟನೆಯ ಬಾವಿಯಲ್ಲಿದ್ದೇವೆ, ಹಗ್ಗ ಹಿಡಿಯಲು ಒಬ್ಬರು ಬೇಕಾಗಿದ್ದಾರೆ.